ಟ್ಯಾಲಿಯನ್ನು ಹೊಸ ಸರ್ವರ್‌ಗೆ ಸಾಗಿಸುವುದು ಹೇಗೆ?

ನಾನು ಲೆಕ್ಕ ನೋಡಿಕೊಳ್ಳುವ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕದ ಸಾಫ್ಟ್‌ವೇರಾದ ಟ್ಯಾಲಿಯನ್ನು ಹೊಸ ಸರ್ವರಿಗೆ, ಅಂದರೆ ಎಲ್ಲರೂ ಬಳಸುವ ಡಾಟಾ ಇರುವ ಮುಖ್ಯ ಕಂಪ್ಯೂಟರಿಗೆ, ಸಾಗಿಸಿದ ಮೂರನೇ ದಿನ, 412ನೇ ನಂಬರಿನ ಬಿಲ್ಲು ಇಬ್ಬರು ಗಿರಾಕಿಗಳ ಕೈಯಲ್ಲಿತ್ತು. ಗೋಡೌನಿನ ಕಂಪ್ಯೂಟರು ಲೈಸೆನ್ಸನ್ನು ಹೊಸ ಸರ್ವರಿನಿಂದ ಪಡೆಯುತ್ತಿತ್ತು, ಡಾಟಾವನ್ನು ಮಾತ್ರ ಹಳೆಯದರಿಂದಲೇ ತೆಗೆಯುತ್ತಿತ್ತು. ಅಲ್ಲಿ ಕೂತ ಹುಡುಗ ಎಂದಿನಂತೆ ಬಿಲ್ಲು ಹಾಕುತ್ತಲೇ ಇದ್ದ. ಒಂದು ಎಂಟ್ರಿಯೂ ಕಳೆದಿರಲಿಲ್ಲ, ಆದರೆ ಲೆಕ್ಕದ ಪುಸ್ತಕ ಎರಡಾಗಿತ್ತು. ಅವನ್ನು ಮತ್ತೆ ಒಂದು ಮಾಡಲು ಎರಡು ರಾತ್ರಿ ಹಿಡಿಯಿತು. ಸರ್ವರ್ ಬದಲಿಸುವವರೆಲ್ಲ ಡಾಟಾ ಹೋದರೆ ಏನು ಗತಿ ಎಂದು ಹೆದರುತ್ತಾರೆ. ಬ್ಯಾಕಪ್ ಇದ್ದರೆ ಹೋದದ್ದು ಬರುತ್ತದೆ. ಎರಡು ಕಡೆ ಬೆಳೆದ ಲೆಕ್ಕವನ್ನು ಕೂಡಿಸುವುದೇ ಕಷ್ಟ.

ಮೊದಲು ದಿನ ನೋಡಿ. ತಿಂಗಳು ತಿಂಗಳು ಜಿಎಸ್‌ಟಿ ಸಲ್ಲಿಸುವವರಿಗೆ 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ರೊಳಗೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಇರುತ್ತದೆ. ಹಾಗಾಗಿ 20 ಕಳೆದ ಮೇಲಿನ ಶನಿವಾರ ಸಂಜೆಯೇ ಸರಿ. ಮಾರ್ಚ್ ಕೊನೆಯ ವಾರ ಬೇಡವೇ ಬೇಡ.

ಶನಿವಾರ ಬಾಗಿಲು ಹಾಕುವ ಮುನ್ನ, ಹಳೆಯ ಸರ್ವರಿನಲ್ಲೇ ಪ್ರತಿ ಕಂಪನಿಯ ಟ್ರಯಲ್ ಬ್ಯಾಲೆನ್ಸ್, ಸ್ಟಾಕ್ ಸಮ್ಮರಿ, ಕೊನೆಯ ಸೇಲ್ಸ್ ಬಿಲ್ಲಿನ ನಂಬರು ಮೂರನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆದಿಡಿ. ಹೊಸದರಲ್ಲಿ ಎಲ್ಲ ಸರಿ ಬಂದಿದೆಯೇ ಎಂದು ಹೇಳುವ ಸಾಕ್ಷಿ ಈ ಹಾಳೆಗಳೇ. ಕಂಪನಿಯ ಡಾಟಾಕ್ಕೇ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಇಟ್ಟಿದ್ದರೆ ಅದು ಯಾರಿಗೆ ಗೊತ್ತು ಎಂದು ಈಗಲೇ ವಿಚಾರಿಸಿ. ಅದನ್ನು ಮರೆತರೆ ಡಾಟಾ ತೆರೆಯಲು ದಾರಿಯಿಲ್ಲ. ಲೈಸೆನ್ಸಿಗೆ ಕೊಟ್ಟ ಇ-ಮೇಲ್ ಯಾವುದೆಂದೂ ನೋಡಿಕೊಳ್ಳಿ. ಎಷ್ಟೋ ಕಡೆ ಅದು ಕೆಲಸ ಬಿಟ್ಟು ಹೋದ ಅಕೌಂಟೆಂಟರದ್ದಾಗಿರುತ್ತದೆ.

ಇನ್ನು ಹೊಸ ಕಂಪ್ಯೂಟರು. ಎಂಟು ಹತ್ತು ಮೇಜಿನ ಆಫೀಸಿಗೆ ದುಬಾರಿ ಸರ್ವರ್ ವಿಂಡೋಸ್ ಬೇಕಿಲ್ಲ. ಎಸ್‌ಎಸ್‌ಡಿ ಇರುವ ಒಳ್ಳೆಯ ಡೆಸ್ಕ್‌ಟಾಪ್, ಜೊತೆಗೆ ಯುಪಿಎಸ್ ಇದ್ದರೆ ಸಾಕು. ಅದಕ್ಕೆ 192.168.1.10ರಂಥ ಬದಲಾಗದ ಐಪಿ ವಿಳಾಸ ಕೊಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ದಿನ ರೌಟರ್ ಬೇರೆ ವಿಳಾಸ ಹಂಚಬಹುದು. ನೆಟ್‌ವರ್ಕನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಿ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಮಾಡಿ. ಈ ಒಂದನ್ನು ಮರೆತರೆ ಊಟಕ್ಕೆ ಎದ್ದು ಬರುವಷ್ಟರಲ್ಲಿ ಸರ್ವರ್ ನಿದ್ದೆ ಹೋಗಿ, ಎಲ್ಲರ ಟ್ಯಾಲಿಯೂ ನಿಂತಿರುತ್ತದೆ.

ಹಳೆಯದರಲ್ಲಿದ್ದ ಅದೇ ರಿಲೀಸ್ (ಆವೃತ್ತಿ) ಟ್ಯಾಲಿಯನ್ನೇ ಹೊಸದರಲ್ಲೂ ಹಾಕಿ. ಹೇಗೂ ಬದಲಿಸುತ್ತಿದ್ದೇವೆ, ಹೊಸ ರಿಲೀಸನ್ನೇ ಹಾಕಿಬಿಡೋಣ ಎಂಬ ಆಸೆ ಬರುತ್ತದೆ. ಆದರೆ ಹೊಸ ರಿಲೀಸಿಗೆ ಪರಿವರ್ತನೆಯಾದ ಡಾಟಾ ಹಳೆಯ ರಿಲೀಸಿನಲ್ಲಿ ತೆರೆಯದೇ ಇರಬಹುದು, ಆಗ ಹಿಂದೆ ಬರುವ ದಾರಿ ಮುಚ್ಚುತ್ತದೆ. ಅಪ್‌ಗ್ರೇಡ್ ಇನ್ನೊಂದು ವಾರ ಮಾಡಿದರಾಯಿತು.

ಈಗ ಎಲ್ಲರೂ ಟ್ಯಾಲಿಯಿಂದ ಹೊರಬರಲಿ. ಮಿನಿಮೈಸ್ ಮಾಡಿದರೆ ಸಾಲದು, ಮುಚ್ಚಬೇಕು. ಆಲ್ಟ್ ಮತ್ತು ವೈ ಒತ್ತಿ ಎಲ್ಲ ಕಂಪನಿಗಳ ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಹಾರ್ಡ್‌ಡಿಸ್ಕಿಗೆ ಹಾಕಿ ಪಕ್ಕಕ್ಕಿಡಿ. ಆಮೇಲೆ ಡಾಟಾ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಒಳಗೆ 10000ದಂಥ ಬರೀ ಅಂಕಿಯ ಹೆಸರಿನ ಫೋಲ್ಡರುಗಳು ಕಾಣುತ್ತವೆ. ಅವೇ ನಿಮ್ಮ ಕಂಪನಿಗಳು, ಹೆಸರು ಬದಲಿಸಬೇಡಿ. ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಗಾತ್ರ ಒಂದೇ ಇದೆಯೇ ನೋಡಿ. ನಿಮ್ಮ ಬಿಲ್ಲಿನ ನಮೂನೆಗೆಂದು ಬರೆಸಿದ ಟಿಡಿಎಲ್ ಫೈಲುಗಳಿದ್ದರೆ ಅವು ಬೇರೆ ಜಾಗದಲ್ಲಿರುತ್ತವೆ, ಹುಡುಕಿ ತನ್ನಿ. ಯೂಸರ್ ಹೆಸರು, ಪಾಸ್‌ವರ್ಡುಗಳು ಕಂಪನಿ ಡಾಟಾದ ಒಳಗೇ ಇರುವುದರಿಂದ ತಾವಾಗಿ ಬರುತ್ತವೆ.

ಲೈಸೆನ್ಸಿನ ಸರದಿ ಇದಾದ ಮೇಲೆ. ಹಳೆಯ ಕಂಪ್ಯೂಟರಿನಲ್ಲಿ ಎಫ್1 ಒತ್ತಿ, ಸೆಟ್ಟಿಂಗ್ಸ್, ಲೈಸೆನ್ಸ್‌ಗೆ ಹೋಗಿ ಸರೆಂಡರ್ (ವಾಪಸ್) ಮಾಡಿ, ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಿ. ಎರಡಕ್ಕೂ ಇಂಟರ್ನೆಟ್ ಬೇಕು. ಹಲವರು ಒಟ್ಟಿಗೆ ಬಳಸಲು ಗೋಲ್ಡ್ ಲೈಸೆನ್ಸೇ ಆಗಬೇಕು, ಸಿಲ್ವರ್ ಒಬ್ಬರಿಗೆ ಮಾತ್ರ. ಬೇರೆ ಕಂಪ್ಯೂಟರುಗಳಿಗೆ ಲೈಸೆನ್ಸ್ ಸಿಗುತ್ತಿಲ್ಲ ಎಂದಾದರೆ ಹೆಚ್ಚಿನ ಸಲ ಅಡ್ಡ ಬಂದಿರುವುದು ವಿಂಡೋಸ್ ಫೈರ್‌ವಾಲ್. ಲೈಸೆನ್ಸ್ ಸರ್ವರಿನ ಪೋರ್ಟ್ ಸಾಮಾನ್ಯವಾಗಿ 9999, ಅದಕ್ಕೆ ಅನುಮತಿ ಕೊಡಿ.

ನಾವು ಎಡವಿದ್ದು ಇದರ ನಂತರದ ಹೆಜ್ಜೆಯಲ್ಲಿ. ಪ್ರತಿ ಮೇಜಿಗೂ ನೀವೇ ಹೋಗಿ ಕೂತು ಎರಡು ಜಾಗ ತಿದ್ದಬೇಕು: ಲೈಸೆನ್ಸ್ ಸರ್ವರಿನ ವಿಳಾಸ ಮತ್ತು ಡಾಟಾ ಪಾತ್, ಅಂದರೆ ಡಾಟಾ ಫೋಲ್ಡರ್ ಇರುವ ಜಾಗ. ಮೊದಲನೆಯದು ತಪ್ಪಿದರೆ ಟ್ಯಾಲಿಯೇ ದೂರು ಹೇಳುತ್ತದೆ. ಎರಡನೆಯದು ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಕಂಪನಿಯ ಹೆಸರು, ಅದೇ ಲೆಡ್ಜರುಗಳು ತೆರೆದುಕೊಳ್ಳುತ್ತವೆ. ಆದ್ದರಿಂದ ಮೇಜುಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು, ಮುಗಿದದ್ದಕ್ಕೆ ಗುರುತು ಹಾಕುತ್ತ ಹೋಗಿ. ಗೋಡೌನು, ಮಾಲೀಕರ ಲ್ಯಾಪ್‌ಟಾಪ್, ಮೂಲೆಯಲ್ಲಿ ಅಪರೂಪಕ್ಕೆ ಆನ್ ಆಗುವ ಯಂತ್ರ ಎಲ್ಲವೂ ಪಟ್ಟಿಯಲ್ಲಿರಲಿ. ಕಡೆಗೆ ಹಳೆಯ ಸರ್ವರಿನಲ್ಲಿ ಡಾಟಾ ಫೋಲ್ಡರಿನ ಶೇರಿಂಗ್ ತೆಗೆದು, ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ. ಆಮೇಲೆ ಯಾವ ಮೇಜನ್ನಾದರೂ ಮರೆತಿದ್ದರೆ ಅಲ್ಲಿ ಕಂಪನಿಯೇ ತೆರೆಯುವುದಿಲ್ಲ, ತಪ್ಪು ಸೋಮವಾರ ಬೆಳಿಗ್ಗೆಯೇ ಬಯಲಾಗುತ್ತದೆ.

ಭಾನುವಾರ ಪ್ರಿಂಟ್ ಹಾಳೆಗಳನ್ನು ಮುಂದಿಟ್ಟುಕೊಂಡು ತಾಳೆ ನೋಡಿ. ನಾನು ಹಾಳೆಯ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಕೆಳಗಿಳಿಸುತ್ತೇನೆ. ಒಟ್ಟು ಮೊತ್ತ ಸರಿಯಿದ್ದರೂ ಕ್ಯಾಷ್ ಮತ್ತು ಬ್ಯಾಂಕಿನ ಲೆಡ್ಜರನ್ನು ತೆರೆದೇ ನೋಡುತ್ತೇನೆ. ಇಬ್ಬರು ಎರಡು ಮೇಜಿನಿಂದ ಒಂದೇ ಹೊತ್ತಿಗೆ ಒಂದೊಂದು ಬಿಲ್ಲು ಹಾಕಿ ನೋಡಲಿ, ನಂಬರು ಸಾಲಾಗಿ ಬರಬೇಕು. ಆಮೇಲೆ ಆ ಎರಡನ್ನೂ ಅಳಿಸಿ.

ಹಳೆಯ ಕಂಪ್ಯೂಟರನ್ನು ಮಾರಲು ಆತುರ ಬೇಡ. ಹೊಸ ಸರ್ವರಿನಿಂದ ಒಂದು ತಿಂಗಳ 3ಬಿ ಸಲ್ಲಿಕೆಯಾಗುವವರೆಗೆ ಅದು ಹಾಗೇ ಇರಲಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಪಾಡಬೇಕೆಂಬ ನಿಯಮ ಇರುವುದರಿಂದ, ಹಳೆಯ ವರ್ಷಗಳ ಕಂಪನಿಗಳೂ ಹೊಸದರಲ್ಲಿ ತೆರೆಯುತ್ತವೆಯೇ ಎಂದು ಒಂದೊಂದಾಗಿ ನೋಡಿದ ಮೇಲೆಯೇ ಡಿಸ್ಕ್ ಫಾರ್ಮ್ಯಾಟ್ ಮಾಡಿ.