ಬಂಗುಡೆ ಅಳೆದು ಲೆಕ್ಕ ಹಾಕಿದ್ದು

ಕಡಲಿನಲ್ಲಿ ಬಂಗುಡೆ ಎಷ್ಟಿದೆ ಅಂತ ಎಣಿಸಲಾಗುವುದಿಲ್ಲ. ಮಲ್ಪೆ ಬಂದರಿಗೆ ಬಂದ ಮೀನಿನ ಉದ್ದ ಅಳೆದು, ನಾವು ಹಿಡಿಯುವುದು ಜಾಸ್ತಿಯಾಯಿತೋ ಇಲ್ಲವೋ ಎಂದು ನಾನು ಲೆಕ್ಕ ಹಾಕಿದೆ. ಇದರಲ್ಲಿ ಕಂಪ್ಯೂಟರಿಗಿಂತ ದಕ್ಕೆಯ, ಅಂದರೆ ಬೋಟು ಮೀನು ಇಳಿಸುವ ಕಟ್ಟೆಯ, ಕೆಲಸವೇ ದೊಡ್ಡದು.

ಮೀನು ಬೋಟಿನಿಂದ ಬುಟ್ಟಿಗೆ ಇಳಿಯುವಾಗಲೇ ಮಾದರಿ ತೆಗೆಯಬೇಕು. ವಿಂಗಡಿಸಿ ಏಲಂ ಶುರುವಾದ ಮೇಲೆ ಹೋದರೆ ಒಂದೇ ಗಾತ್ರದ ಮೀನು ಸಿಗುತ್ತದೆ. ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನ ಸಣ್ಣ ಬಂಗುಡೆ ಫಿಶ್‌ಮೀಲ್ (ಮೀನಿನ ಪುಡಿ) ಮಿಲ್ಲಿನ ಲಾರಿ ಹತ್ತುತ್ತದೆ. ಆ ರಾಶಿಯಿಂದಲೂ ತೆಗೆಯದಿದ್ದರೆ ಮರಿಗಳೇ ಬಲೆಗೆ ಬಿದ್ದಿಲ್ಲ ಎಂದಾಗುತ್ತದೆ. "ಮಿಲ್ಲಿಗೆ ಹೋಗುವುದನ್ನು ಎಂತಕ್ಕೆ ಅಳೀತೀರಿ ಮಾರಾಯ್ರೆ?" ಎಂದು ಲೋಡ್ ಮಾಡುವವರು ಕೇಳುತ್ತಿದ್ದರು. ನನಗೆ ಬೇಕಾಗಿದ್ದೇ ಅದು.

ಮೂತಿಯಿಂದ ಬಾಲದ ತುದಿವರೆಗೆ ಅಳತೆ. ಜೊತೆಗೆ ಮಾದರಿಯ ತೂಕ, ಬೋಟಿನ ಒಟ್ಟು ಬಂಗುಡೆಯ ತೂಕ. ಇವೆರಡಿಲ್ಲದಿದ್ದರೆ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟಿನ ಟನ್‌ಗಟ್ಟಲೆ ಮೀನೂ ನಾಡದೋಣಿಯ ಎರಡು ಬುಟ್ಟಿಯೂ ಲೆಕ್ಕದಲ್ಲಿ ಸಮ ಆಗಿಬಿಡುತ್ತವೆ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆಗ ನಾಡದೋಣಿಯ ಮೀನೇ ಗತಿ.

ತಿಂಗಳು ತಿಂಗಳಿನ ಉದ್ದಗಳನ್ನು ಸಾಲಾಗಿ ಇಟ್ಟರೆ ಬೆಳವಣಿಗೆಯ ವೇಗ ಸಿಗುತ್ತದೆ. ಲೆಕ್ಕಾಚಾರದ ಸಾಫ್ಟ್‌ವೇರ್ ಆರ್‌ನಲ್ಲಿ ಟ್ರಾಪ್‌ಫಿಶ್‌ಆರ್ ಎಂಬ ಪ್ಯಾಕೇಜ್ ಇದನ್ನು ಮಾಡಿಕೊಡುತ್ತದೆ. ಉದ್ದ ಹೆಚ್ಚಿದಂತೆ ಮೀನು ಎಷ್ಟು ಬೇಗ ಕಡಿಮೆಯಾಗುತ್ತದೆ ಎಂದು ನೋಡಿದರೆ ಒಟ್ಟು ಸಾವಿನ ದರವೂ ಗೊತ್ತಾಗುತ್ತದೆ. ಕಷ್ಟ ಇರುವುದು ಮುಂದೆ. ಅದರಲ್ಲಿ ಸಹಜ ಸಾವು ಎಷ್ಟು, ಬಲೆಯ ಸಾವು ಎಷ್ಟು? ಸಹಜ ಸಾವನ್ನು ನಾವು ನೇರವಾಗಿ ಅಳೆಯುವುದಿಲ್ಲ. ಮೀನು ವಿಜ್ಞಾನಿ ಡೇನಿಯಲ್ ಪೌಲಿ 1980ರಲ್ಲಿ ಕೊಟ್ಟ ಸೂತ್ರಕ್ಕೆ ಬೆಳವಣಿಗೆಯನ್ನೂ ನೀರಿನ ಉಷ್ಣತೆಯನ್ನೂ ಹಾಕಿ ಅಂದಾಜು ಮಾಡುತ್ತೇವೆ. ಆ ಸೂತ್ರ ಬೇರೆ ಬೇರೆ ಕಡೆಯ 175 ಮೀನು ಸಮೂಹಗಳಿಂದ ಬಂದದ್ದು.

ಒಟ್ಟು ಸಾವಿನ ದರ ವರ್ಷಕ್ಕೆ 4 ಎಂದಿಟ್ಟುಕೊಳ್ಳಿ. ಸಹಜ ಸಾವು 1.5 ಆದರೆ ಉಳಿದ 2.5 ಬಲೆಯದು, ಅಂದರೆ ಒಟ್ಟು ಸಾವಿನಲ್ಲಿ ಬಲೆಯ ಪಾಲು ಸುಮಾರು 0.62. ಸಹಜ ಸಾವು 2.2 ಆದರೆ 0.45. ಬಲೆಯ ಪಾಲಿಗೆ ರೂಢಿಯಲ್ಲಿರುವ ಗಡಿ 0.5, ಅದನ್ನು ದಾಟಿದರೆ ಅತಿ. ಅಂದರೆ ಒಂದು ಲೆಕ್ಕದಲ್ಲಿ ಹಿಡಿದದ್ದು ಅತಿಯಾಯಿತು, ಇನ್ನೊಂದರಲ್ಲಿ ಚಿಂತೆಯೇ ಇಲ್ಲ. ಮೀನು ಅದೇ, ಅಳತೆಯೂ ಅದೇ!

ಹಾಗಾಗಿ ನಾನು ಒಂದೇ ಸಂಖ್ಯೆ ಕೊಡುವುದಿಲ್ಲ. ಉತ್ತರ ಎಲ್ಲಿಂದ ಎಲ್ಲಿವರೆಗೆ ಓಡಾಡುತ್ತದೆ ಎಂದು ತೋರಿಸುತ್ತೇನೆ. ಬೋಟು ನಡೆಸುವ ತಾಂಡೇಲರ ಮುಂದೆಯೂ ಹಾಗೇ ಇಟ್ಟೆ. "ನಿಮಗೇ ಖಚಿತ ಇಲ್ಲ, ನಾವ್ಯಾಕೆ ಬಲೆ ಬದಲಿಸಬೇಕು?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ? ಯಾವ ದರ ಹಾಕಿದರೂ ಬದಲಾಗದ ಒಂದು ಸಂಗತಿಯನ್ನು ಅವರಿಗೆ ತೋರಿಸಿದೆ. ಫಿಶ್‌ಮೀಲ್ ರಾಶಿಯಲ್ಲಿ 14 ಸೆಂಟಿಮೀಟರಿಗಿಂತ ಸಣ್ಣ ಬಂಗುಡೆ ಇತ್ತು. ಕೇರಳದಲ್ಲಿ ಅದಕ್ಕಿಂತ ಸಣ್ಣದನ್ನು ಹಿಡಿಯುವ ಹಾಗಿಲ್ಲ. ಇವು ಒಮ್ಮೆಯೂ ಮೊಟ್ಟೆ ಇಟ್ಟಿರದ ಮೀನುಗಳು. ಮಾತು ಅಲ್ಲಿಂದ ಟ್ರಾಲ್ ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೆ ಹೋಯಿತು. ಆ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.