ಓಟ ನೋಡೋದು ಬಿಟ್ಟೆ, ಲೀಗ್ ಗೆದ್ದೆ

2023ರ ಡಿಸೆಂಬರ್ 31, ಭಾನುವಾರ ಮಧ್ಯಾಹ್ನ. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ನಮ್ಮ ಮನೆ. ಹೆಂಡತಿ ಹಿತಕಿದ ಬೇಳೆ ಸಾರಿಗೆ ಅಂತ ನೆನೆಸಿಟ್ಟ ಅವರೆಕಾಳು ಹಿತುಕುತ್ತಾ ಕೂತಿದ್ದಳು. ನಾನು ಟಿವಿ ಮುಂದೆ. ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರು ಮೈದಾನದಲ್ಲಿ ಆಡಿದ್ದಕ್ಕೆ ಪಾಯಿಂಟ್ ಎಣಿಸುವ ಫ್ಯಾಂಟಸಿ ಆಟ ನಮ್ಮದು. ಆಟಗಾರರು ವರ್ಷದಿಂದ ವರ್ಷಕ್ಕೆ ನಮ್ಮ ಕೈಲೇ ಉಳಿಯುವುದರಿಂದ ಡೈನಾಸ್ಟಿ ಲೀಗ್ ಅಂತಾರೆ. ಅದರ ಫೈನಲ್ ವಾರ. ರ‍್ಯಾಮ್ಸ್ ಮತ್ತು ಜೈಂಟ್ಸ್ ಆಟ. ಅವತ್ತು ನನ್ನ ತಂಡದಲ್ಲಿದ್ದ ಕೈರನ್ ವಿಲಿಯಮ್ಸ್, ರ‍್ಯಾಮ್ಸ್‌ನ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಹೊಡೆದ. ಮೂರನೆಯದಕ್ಕೆ ನಾನು ಹಾಕಿದ ಕೂಗಿಗೆ ಮಹಡಿ ಮೇಲಿಂದ ಮಗಳು ಏನಾಯ್ತೋ ಅಂತ ಓಡಿ ಬಂದಳು. ಆರು ವರ್ಷ ಕಾದಿದ್ದೆ. ಮೊದಲ ಸಲ ಲೀಗ್ ನನ್ನದಾಯಿತು.

ಇದೇ ಹುಡುಗನನ್ನು 2022ರ ರೂಕಿ ಡ್ರಾಫ್ಟ್‌ನ (ಕಾಲೇಜಿನಿಂದ ಬರುವ ಹೊಸಬರನ್ನು ಸರದಿಯಂತೆ ಆರಿಸುವುದು) ಮೂರನೇ ಸುತ್ತಿನಲ್ಲಿ ತಗೊಂಡಾಗ ಕಾಲ್‌ನಲ್ಲಿದ್ದ ಹನ್ನೊಂದು ಜನರಲ್ಲಿ ಒಬ್ಬರೂ ಒಳ್ಳೆ ಮಾತಾಡಿರಲಿಲ್ಲ. ತೂಕ 194 ಪೌಂಡ್. ಇಂಡಿಯಾನಾಪೊಲಿಸ್‌ನಲ್ಲಿ ಹೊಸಬರ ಮೈ ಪರೀಕ್ಷೆ ನಡೆಯುವ ಕಂಬೈನ್‌ನಲ್ಲಿ 40 ಯಾರ್ಡ್ ಓಟಕ್ಕೆ 4.65 ಸೆಕೆಂಡ್. ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ತಂಡಗಳೂ ತಮ್ಮ ಡ್ರಾಫ್ಟ್‌ನಲ್ಲಿ ಐದನೇ ಸುತ್ತಿನವರೆಗೆ ಮುಟ್ಟಿರಲಿಲ್ಲ, 164ನೇ ಪಿಕ್ (ಆಯ್ಕೆಯ ಸರದಿ). "ಗುರು, ಇವನು ಬಿಟ್ಟ ಬಸ್ಸನ್ನೂ ಓಡಿ ಹಿಡಿಯಲ್ಲ" ಅಂದ ನಮ್ಮ ಹಾಸನದ ಗೆಳೆಯ. ನಮ್ಮ ಲೀಗ್‌ನಲ್ಲಿ ಏಳು ಜನ ಕನ್ನಡದವರು. ಹಾಗಾಗಿ ಬೈಗುಳಕ್ಕೆ ಬರ ಇರಲಿಲ್ಲ.

ಡೈನಾಸ್ಟಿ ಆಡುವವರಿಗೆ ಹೇಳುವುದೇನೂ ಇಲ್ಲ, ನಿಯಮ ಎಲ್ಲ ಗೊತ್ತೇ ಇದೆ. ನಮ್ಮದು 12 ತಂಡ, ಪೂರ್ತಿ ಪಿಪಿಆರ್ (ಪ್ರತಿ ಕ್ಯಾಚ್‌ಗೂ ಒಂದು ಪಾಯಿಂಟ್), ರೂಕಿ ಡ್ರಾಫ್ಟ್ ಮೇ ತಿಂಗಳಲ್ಲಿ ನಾಲ್ಕು ಸುತ್ತು. ವರ್ಷಕ್ಕೆ ತಲಾ 150 ಡಾಲರ್. ಗೆದ್ದವನಿಗೆ 1,000, ಎರಡನೆಯವನಿಗೆ 500. ಮಿಕ್ಕಿದ್ದು ಮೂರನೆಯವನಿಗೂ ಡ್ರಾಫ್ಟ್ ದಿನದ ಊಟಕ್ಕೂ. 2017ರಿಂದ ಆಡುತ್ತಿದ್ದೇವೆ. ನಾನು ಮೊದಲ ಆರು ವರ್ಷ ಬರೀ ಕಟ್ಟಿದ್ದೇ.

ಸೋಲಿನ ಕಥೆ ಮೊದಲು ಹೇಳುತ್ತೇನೆ, ಯಾಕಂದ್ರೆ ನನ್ನ ಪದ್ಧತಿ ಹುಟ್ಟಿದ್ದೇ ಅಲ್ಲಿ.

2018ರಲ್ಲಿ ನನ್ನ ಕೈಲಿ ಮೊದಲ ಸುತ್ತಿನ ನಾಲ್ಕನೇ ಪಿಕ್ ಇತ್ತು. ರಷಾದ್ ಪೆನ್ನಿಯನ್ನು ತಗೊಂಡೆ. ಸ್ಯಾನ್ ಡಿಯೇಗೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹಿಂದಿನ ವರ್ಷ 2,248 ಯಾರ್ಡ್ ಓಡಿದ್ದ, ಇಡೀ ದೇಶಕ್ಕೇ ಮೊದಲು. ಎನ್‌ಎಫ್‌ಎಲ್‌ನ ಸೀಹಾಕ್ಸ್ ತಂಡ ಅವನನ್ನು 27ನೇ ಪಿಕ್‌ಗೆ ಕೊಂಡಿತ್ತು. ಇನ್ನೇನು ಬೇಕು ಅಂದುಕೊಂಡೆ. ನನ್ನ ಹಿಂದಿನವನು ನಿಕ್ ಚಬ್‌ನನ್ನು ತಗೊಂಡ. ಆ ವರ್ಷ ಪೆನ್ನಿ 419 ಯಾರ್ಡ್, ಚಬ್ 996. ಆಮೇಲೆ ಪೆನ್ನಿಯ ಕಾಲೇಜು ಆಟಗಳನ್ನು ಹಾಕಿ ನೋಡಿದೆ. ಓಟ ಕಣ್ಣು ತುಂಬುತ್ತದೆ, ನಿಜ. ಆದರೆ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಯಾರಾದರೂ ನುಗ್ಗಿ ಬಂದಾಗ ತಡೆಯುವುದರಲ್ಲಿ ಕಚ್ಚಾ. ಆಟಗಾರರನ್ನು ಹುಡುಕಿ ತೂಗುವ ಸ್ಕೌಟ್‌ಗಳು ಆಗಲೇ ಇದನ್ನು ಬರೆದಿದ್ದರು. ನಾನು ಓದಿಯೂ ಬಿಟ್ಟಿದ್ದೆ. "ತಡೆಗೆ ಪಾಯಿಂಟ್ ಇಲ್ಲವಲ್ಲ" ಅನ್ನುವುದು ಅವತ್ತಿನ ನನ್ನ ಲೆಕ್ಕ.

2020ರದು ಇನ್ನೂ ದೊಡ್ಡ ಪೆಟ್ಟು. ಹಿಂದಿನ ವರ್ಷ ಕೊನೆಗೆ ಬಂದಿದ್ದಕ್ಕೆ ನನಗೆ ಮೊಟ್ಟಮೊದಲ ಪಿಕ್ ಸಿಕ್ಕಿತ್ತು. ಕ್ಲೈಡ್ ಎಡ್ವರ್ಡ್ಸ್ ಹೆಲೇರ್‌ನನ್ನು ತಗೊಂಡೆ. ಎಲ್‌ಎಸ್‌ಯು ಕಾಲೇಜು ತಂಡದಲ್ಲಿ 55 ಕ್ಯಾಚ್, ಅದರ ಮೇಲೆ ಹೆಸರುವಾಸಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಇರುವ ಎನ್‌ಎಫ್‌ಎಲ್ ತಂಡ. ಜೊನಾಥನ್ ಟೇಲರ್‌ನನ್ನು ಬಿಟ್ಟಿದ್ದು ಕ್ಯಾಚ್ ಕಮ್ಮಿ ಅಂತ. ವಿಸ್ಕಾನ್ಸಿನ್‌ನಲ್ಲಿ ಮೊದಲೆರಡು ವರ್ಷ ಎಂಟೆಂಟು ಕ್ಯಾಚ್, ಕೊನೆಯ ವರ್ಷ 26. ಮುಂದಿನದು ನಿಮಗೆ ಗೊತ್ತು. 2021ರಲ್ಲಿ ಟೇಲರ್ 1,811 ಯಾರ್ಡ್ ಓಡಿ, ಎರಡನೇ ಪಿಕ್‌ನಲ್ಲಿ ಅವನನ್ನು ತಗೊಂಡವನಿಗೆ ಲೀಗ್ ಗೆದ್ದು ಕೊಟ್ಟ. ನಾನು ಅಂಗಡಿ ಬೋರ್ಡ್ ನೋಡಿ ಸಾಮಾನು ಕೊಂಡಿದ್ದೆ. ತೂಕಕ್ಕೆ ತಕ್ಕ ವೇಗ ಅಳೆಯುವ ಸ್ಪೀಡ್ ಸ್ಕೋರ್ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. 226 ಪೌಂಡ್ ತೂಕದವನು 4.39ರಲ್ಲಿ ಓಡಿದರೆ 121ರ ಮೇಲೆ ಬರುತ್ತದೆ. ಹೆಲೇರ್‌ದು 92–93. ಕ್ಯಾಚ್ ಹುಚ್ಚು ಹಿಡಿದು ಅದನ್ನು ಪಕ್ಕಕ್ಕಿಟ್ಟೆ.

ಇಷ್ಟರ ನಡುವೆ ದುಡ್ಡು ಬೇರೆ ಕಡೆಗೂ ಸೋರಿತು. ಡ್ರಾಫ್ಟ್ ಗೈಡ್ ಅಂತ ವರ್ಷಕ್ಕೆ 30–40 ಡಾಲರ್. ಅಂಕಿಅಂಶದ ಒಂದು ಸೈಟಿಗೆ ಎರಡು ವರ್ಷ 120ರಂತೆ. ಪರಿಣತರೊಬ್ಬರ ಖಾಸಗಿ ಚಾಟ್‌ಗೂ ಸೇರಿದ್ದೆ, ಅಲ್ಲಿ ಬರುತ್ತಿದ್ದುದು ಗೈಡ್‌ನಲ್ಲಿದ್ದ ಮಾತೇ. ಲೀಗ್‌ಗೆ ಕಟ್ಟಿದ 900 ಬಿಟ್ಟು, ಇವೆಲ್ಲ ಸೇರಿ ಇನ್ನೊಂದು 500 ಹೋಗಿರಬೇಕು.

ದಾರಿ ತೋರಿಸಿದ್ದು ಅಪ್ಪ.

ಅಪ್ಪ ಮಳವಳ್ಳಿ ಕಡೆಯವರು. ವಯಸ್ಸಿನಲ್ಲಿ ಊರ ತಂಡಕ್ಕೆ ಕಬಡ್ಡಿ ಆಡಿದವರು, ಆಮೇಲೆ ಶಾಲೆಯಲ್ಲಿ ಪಿಟಿ ಮೇಷ್ಟ್ರು. 2021ರ ಅಕ್ಟೋಬರ್‌ನಲ್ಲಿ ನಮ್ಮ ಮನೆಗೆ ಬಂದಿದ್ದರು. ಶನಿವಾರ ರಾತ್ರಿ ನೋಟರ್ ಡೇಮ್ ಮತ್ತು ನಾರ್ತ್ ಕ್ಯಾರೊಲೈನಾ ಕಾಲೇಜುಗಳ ಆಟ ಹಾಕಿದ್ದೆ. ಆಗ ನೋಟರ್ ಡೇಮ್‌ನಲ್ಲಿದ್ದ ಕೈರನ್ 91 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ ಆಟ ಅದು. ನಾನು ಎದ್ದು ನಿಂತೆ. ಅಪ್ಪ ಕಡಲೆಕಾಯಿ ಸುಲಿಯುತ್ತಾ ಕೂತೇ ಇದ್ದರು. "ಓಟ ಬಿಡೋ. ಅವಾಗಲೇ ಒಬ್ಬ ಗೂಳಿ ಥರ ನುಗ್ಗಿ ಬಂದನಲ್ಲ, ಅವನಿಗೆ ಈ ಹುಡುಗ ಅಡ್ಡ ನಿಂತ ನೋಡು. ಅದನ್ನ ಇನ್ನೊಂದು ಸಲ ಹಾಕು" ಅಂದರು.

ಹಾಕಿದೆ. ಒಂದು ಸಲ, ಎರಡು ಸಲ, ನಾಲ್ಕು ಸಲ. ಎದುರು ತಂಡದ ಲೈನ್‌ಬ್ಯಾಕರ್ (ನುಗ್ಗಿ ಬರುವ ರಕ್ಷಣಾ ಆಟಗಾರ) ಹೊರಗಡೆ ಹೋಗುವಂತೆ ತೋರಿಸಿ ಒಳಗೆ ತಿರುಗುತ್ತಾನೆ. ಹುಡುಗ ಬೇಸ್ತು ಬೀಳುವುದಿಲ್ಲ. ಎರಡು ಸಣ್ಣ ಹೆಜ್ಜೆ ಇಟ್ಟು, ಮೊಣಕಾಲು ಬಗ್ಗಿಸಿ, ಕೈ ಎದೆಗೆ ಕೊಡುತ್ತಾನೆ. "ಎದುರಿನವನ ಕಣ್ಣೂ ನೋಡ್ತಿಲ್ಲ, ಕಾಲೂ ನೋಡ್ತಿಲ್ಲ. ಸೊಂಟ ನೋಡ್ತಿದಾನೆ. ರೈಡರ್ ಹಿಡಿಯೋದೂ ಹಂಗೇ. ಕಣ್ಣು ಸುಳ್ಳು ಹೇಳುತ್ತೆ, ಕಾಲು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ." ಅಪ್ಪನಿಗೆ ಡೌನ್ ಅಂದರೇನು ಅಂತಲೂ ಗೊತ್ತಿರಲಿಲ್ಲ. ಆದರೆ ಗೈಡ್‌ಗಳಿಗೆ ಅಷ್ಟೊಂದು ದುಡ್ಡು ಕೊಟ್ಟು ನನಗೆ ಸಿಗದ ಮಾತು ಅದು.

ಆಮೇಲೆ ನಾನು ಕಟ್ಟಿಕೊಂಡ ಪದ್ಧತಿ ಹೀಗಿದೆ. ಒಬ್ಬ ಹುಡುಗನದು ನಾಲ್ಕು ಆಟ ನೋಡುತ್ತೇನೆ. ಎರಡು ಗಟ್ಟಿ ಎದುರಾಳಿಯ ಮೇಲೆ. ಒಂದು ಅವನ ತಂಡ ಸೋತ ಆಟ. ನಾಲ್ಕನೆಯದನ್ನು ಹೇಗೆ ಆರಿಸುತ್ತೇನೆ ಅನ್ನುವುದನ್ನು ಹೇಳಲ್ಲ, ಲೀಗ್‌ನ ಕನ್ನಡದವರೆಲ್ಲ ಇದನ್ನು ಓದುತ್ತಾರೆ. ಸೋತ ಆಟ ಯಾಕೆ ಅಂದರೆ, ಹಿಂದೆ ಬಿದ್ದ ತಂಡ ಪಾಸ್ ಎಸೆಯಲೇಬೇಕು. ಆ ಹೊತ್ತಿನಲ್ಲಿ ಕೋಚ್ ಯಾರನ್ನು ಕ್ವಾರ್ಟರ್‌ಬ್ಯಾಕ್ ಪಕ್ಕ ನಿಲ್ಲಿಸುತ್ತಾರೆ? ನಮ್ಮವನನ್ನು ಬೆಂಚಿಗೆ ಕರೆದರೆ ಅವನ ಮೇಲೆ ಕೋಚ್‌ಗೇ ನಂಬಿಕೆ ಇಲ್ಲ ಅಂತ ಅರ್ಥ. ಮುಂದೆ ಎನ್‌ಎಫ್‌ಎಲ್ ಕೋಚ್ ಕೂಡ ಹಾಗೇ ಮಾಡುತ್ತಾರೆ. ಮೈದಾನದಲ್ಲೇ ಇಲ್ಲದವನಿಗೆ ಕ್ಯಾಚ್ ಎಲ್ಲಿಂದ ಬರಬೇಕು? ತಡೆಗೆ ಪಾಯಿಂಟ್ ಇಲ್ಲ, ಸರಿ. ಆದರೆ ಪಾಯಿಂಟ್ ಬರುವ ಜಾಗದಲ್ಲಿ ನಿಲ್ಲಲು ಬಿಡುವುದು ತಡೆಯೇ.

ರೂಲ್ಡ್ ನೋಟ್‌ಬುಕ್‌ನಲ್ಲಿ ಮೂರು ಕಾಲಂ. "ಹಿಡಿದ", "ಬಿಟ್ಟ", "ಗುರುತಿಸಲಿಲ್ಲ". ಪಾಸ್ ತಡೆಗೆ ನಿಂತಾಗೆಲ್ಲ ಒಂದು ಗೀಟು. "ಬಿಟ್ಟ" ಜಾಸ್ತಿ ಇದ್ದರೆ ನಾನು ಗಾಬರಿ ಬೀಳಲ್ಲ. ಇಪ್ಪತ್ತೊಂದರ ಹುಡುಗ, ಜಿಮ್‌ನಲ್ಲಿ ಮೈ ಗಟ್ಟಿಯಾಗುತ್ತದೆ. "ಗುರುತಿಸಲಿಲ್ಲ" ಅಂದರೆ ಯಾರು ನುಗ್ಗುತ್ತಾರೆ ಅಂತಲೇ ಅಂದಾಜು ಸಿಗದೆ ತಪ್ಪು ಕಡೆ ತಿರುಗಿದ್ದು. ನಾಲ್ಕು ಆಟದಲ್ಲಿ ಅದು ಮೂರು ದಾಟಿದರೆ ನನ್ನ ಪಟ್ಟಿಯಲ್ಲಿ ಅವನು ಒಂದು ಸುತ್ತು ಕೆಳಗೆ. ಕೈರನ್‌ನ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ. "ಗುರುತಿಸಲಿಲ್ಲ" ಕಾಲಂ ಖಾಲಿ. ಮೇಲೆ ಎರಡು ವರ್ಷದಲ್ಲಿ 35, 42 ಕ್ಯಾಚ್. ಅವನ ಸ್ಪೀಡ್ ಸ್ಕೋರ್ 83. ಆ ನಂಬರ್ ನೋಡಿಯೇ ಉಳಿದವರು ಮುಂದೆ ಹೋದರು.

ಟೇಲರ್ ಪಾಠವನ್ನೂ ಬಿಟ್ಟಿಲ್ಲ. ದೊಡ್ಡ ಮೈ, ವೇಗ, ಎನ್‌ಎಫ್‌ಎಲ್ ಮೊದಲೆರಡು ಸುತ್ತಿನ ಪಿಕ್, ಈ ಮೂರೂ ಇದ್ದವನಿಗೆ ನಾನು ಗೀಟು ಹಾಕಲ್ಲ, ಸುಮ್ನೆ ತಗೊಳ್ಳುತ್ತೇನೆ. ಚಬ್, ಟೇಲರ್ ಇಬ್ಬರೂ ಆ ಬಾಗಿಲಿಂದ ಬಂದವರು. ನೋಟ್‌ಬುಕ್ ಇರುವುದು ಮೂರನೇ ಸುತ್ತಿನಿಂದ ಕೆಳಗಿನವರಿಗೆ. ಅಗ್ಗಕ್ಕೆ ಸಿಗುವುದೂ ಅಲ್ಲೇ ಅಲ್ವಾ?

ಆದರೆ 2022 ಪೂರ್ತಿ ನನಗೆ ಉರಿಯಿತು. ಜೂನ್‌ನಲ್ಲೇ ಕೈರನ್ ಪಾದದ ಮೂಳೆ ಮುರಿದುಕೊಂಡ. ವಾಪಸ್ ಬಂದು ಮೊದಲ ಆಟದಲ್ಲೇ ಹಿಮ್ಮಡಿ ಗಂಟು ಉಳುಕಿತು. ವರ್ಷಕ್ಕೆ 35 ಕ್ಯಾರಿ (ಚೆಂಡು ಹಿಡಿದು ಓಡಿದ ಸಲ), 139 ಯಾರ್ಡ್. ಬೆಂಚಿನಲ್ಲಿ ಜಾಗ ದಂಡ, ಬಿಟ್ಟುಬಿಡು ಅಂತ ಎಲ್ಲರೂ ಹೇಳಿದರು. ಹಾಳೆ ತೆಗೆದು ನೋಡಿದೆ, ಬಿಡಲಿಲ್ಲ. 2023ರ ಮೊದಲ ವಾರ ರ‍್ಯಾಮ್ಸ್‌ನ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಕ್ಯಾಮ್ ಏಕರ್ಸ್‌ಗೆ 22 ಕ್ಯಾರಿಯಲ್ಲಿ 29 ಯಾರ್ಡ್, ಕೈರನ್‌ಗೆ ಎರಡು ಟಚ್‌ಡೌನ್. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಏಕರ್ಸ್ ವೈಕಿಂಗ್ಸ್‌ಗೆ ಹೋದ. ನಡುವೆ ಕೈರನ್ ನಾಲ್ಕು ಆಟ ಗಾಯದಿಂದ ಹೊರಗಿದ್ದಾಗ ಹಾಸನದ ಗೆಳೆಯನೇ ಒಂದು ಮೊದಲ ಸುತ್ತಿನ ಪಿಕ್ ಕೊಡ್ತೀನಿ ಅಂತ ಬಂದ. ಬೇಡ ಅಂದೆ. ವಾಪಸ್ ಬಂದ ವಾರ ಕಾರ್ಡಿನಲ್ಸ್ ಮೇಲೆ ಓಟದಲ್ಲಿ 143, ಕ್ಯಾಚ್‌ನಲ್ಲಿ 61 ಯಾರ್ಡ್, ಎರಡು ಟಚ್‌ಡೌನ್. ಹನ್ನೆರಡೇ ಆಟದಲ್ಲಿ 1,144 ಯಾರ್ಡ್ ಓಡಿದ ವರ್ಷ ಅದು.

ಒಂದು ಸಲ ಕುರುಡು ಅದೃಷ್ಟ ಅಂದರು. ಅದಕ್ಕೇ 2024ರಲ್ಲಿ ಮತ್ತೆ ಅದೇ ನೋಟ್‌ಬುಕ್ ಹಿಡಿದು ಬಕಿ ಇರ್ವಿಂಗ್‌ನನ್ನು ಮೂರನೇ ಸುತ್ತಿನಲ್ಲಿ ತಗೊಂಡೆ. ಒರೆಗಾನ್‌ನಲ್ಲಿ 56 ಕ್ಯಾಚ್ ಹಿಡಿದವನು, 192 ಪೌಂಡ್, 4.55. ಎನ್‌ಎಫ್‌ಎಲ್‌ನಲ್ಲಿ 125ನೇ ಪಿಕ್. ಬಕನೀರ್ಸ್‌ಗೆ ಮೊದಲ ವರ್ಷವೇ 1,122 ಯಾರ್ಡ್, 47 ಕ್ಯಾಚ್. ಆ ವರ್ಷ ಎರಡನೇ ಸ್ಥಾನ, 500 ಡಾಲರ್. ಈಗ ಅದೃಷ್ಟದ ಮಾತು ನಿಂತಿದೆ.

ಕೈ ಕೊಟ್ಟಿದ್ದೂ ಇದೆ. ಕೆನೆತ್ ಗೇನ್‌ವೆಲ್‌ನನ್ನು 2021ರಲ್ಲಿ, ನೋಟ್‌ಬುಕ್ ಹುಟ್ಟುವ ಮುಂಚೆ, ಎರಡನೇ ಸುತ್ತಿಗೆ ತಗೊಂಡಿದ್ದೆ, ಮೆಂಫಿಸ್‌ನ 51 ಕ್ಯಾಚ್ ನೋಡಿ. ಈಗಲ್ಸ್‌ನಲ್ಲಿ ನಾಲ್ಕು ವರ್ಷ ಯಾರದೋ ಹಿಂದೆಯೇ ಕಳೆದ. ಆಮೇಲೆ ಕೂತು ಯೋಚಿಸಿದಾಗ ಹೊಳೆಯಿತು. ಅವನು ಆಡಿದ ದೊಡ್ಡ ವರ್ಷ ಒಂದೇ, 2019. ಆ ವರ್ಷ ಮೆಂಫಿಸ್ ಸೋತಿದ್ದೇ ಎರಡು ಆಟ. ಸೋತ ಆಟ ಸಾಕಷ್ಟು ಇಲ್ಲದವನ ಹಾಳೆಗೆ ಈಗ ನಾನು ಅರ್ಧ ಬೆಲೆ ಮಾತ್ರ ಕೊಡುತ್ತೇನೆ.

2023ರ ಡ್ಯೂಸ್ ವಾನ್ ವಿಷಯ ಬೇರೆ. ಐದು ಅಡಿ ಐದು ಇಂಚು, 179 ಪೌಂಡ್. ಕಾನ್ಸಾಸ್ ಸ್ಟೇಟ್‌ನಲ್ಲಿ ಅವನ ಆಟ ನೋಡಿದವರಿಗೆ ಗೊತ್ತು. ಕೌಬಾಯ್ಸ್ ಆರನೇ ಸುತ್ತಿನಲ್ಲಿ ಕರೆದಾಗ ಫೋನ್ ಮಾಡಿದ್ದು ಅಲ್ಲೇ ಸ್ಕೌಟ್ ಆಗಿದ್ದ ಅವನ ಅಪ್ಪ. ಆ ವಿಡಿಯೋ ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಕೊನೆಯ ಸುತ್ತಿನ ಪಿಕ್ ಅವನಿಗೇ ಹಾಕಿದೆ. ಆ ವರ್ಷ 23 ಕ್ಯಾರಿ, 40 ಯಾರ್ಡ್. ಅಷ್ಟು ಸಣ್ಣ ಮೈಯವನು ಸೊಂಟ ಸರಿಯಾಗಿ ನೋಡಿದರೂ 240 ಪೌಂಡ್‌ನವನ ಎದುರು ನಿಲ್ಲುವುದು ಕಷ್ಟ. ಅವತ್ತಿನಿಂದ 190ರ ಕೆಳಗೆ ತೂಕ ಇದ್ದವರನ್ನು ಮುಟ್ಟಿಲ್ಲ. ಈ ಗೆರೆಯಿಂದ ನಷ್ಟವೂ ಆಗಬಹುದು. 188 ಪೌಂಡ್‌ನ ಡಿವಾನ್ ಎಚೇನ್ ಅದೇ ವರ್ಷದವನು, ಕ್ಯಾರಿಗೆ 7.8 ಯಾರ್ಡ್ ಓಡಿದ. 4.32ರಲ್ಲಿ ಓಡುವವನಿಗೆ ಗೆರೆ ಸಡಿಲಿಸಬೇಕೋ ಏನೋ, ಲೆಕ್ಕ ಹಾಕುತ್ತಿದ್ದೇನೆ.

ಮಧ್ಯೆ ಇನ್ನೊಂದು ಪ್ರಯೋಗವೂ ಆಯಿತು. ಓಟದಲ್ಲಿ ಮೊದಲು ಯಾರಾದರೂ ಮೈ ಮುಟ್ಟಿದ ಮೇಲೆ ಎಷ್ಟು ಹೆಜ್ಜೆ ಇಡುತ್ತಾನೆ ಅಂತ ಎಣಿಸುವುದು. ಕಬಡ್ಡಿಯಲ್ಲಿ ಕಾಲು ಸಿಕ್ಕ ಮೇಲೂ ಗೆರೆ ಮುಟ್ಟುವವನ ಥರ. ಮಗಳು ಎಣಿಸುವುದು, ನಾನು ಬರೆಯುವುದು. ಎರಡು ತಿಂಗಳು ಮಾಡಿದೆವು. ಅವಳ ಎಣಿಕೆಗೂ ನನ್ನ ಎಣಿಕೆಗೂ ತಾಳೆಯೇ ಆಗುತ್ತಿರಲಿಲ್ಲ. ಬಿಟ್ಟೆವು.

ಒಬ್ಬನಿಗೆ ಮೂರು ಗಂಟೆ ಹಿಡಿಯುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಹದಿನೈದು ಜನ, ಹೆಚ್ಚೆಂದರೆ ಹದಿನೆಂಟು. ಗೈಡ್‌ಗೆ ದುಡ್ಡು ಕೊಡುವುದನ್ನು 2023ರಿಂದ ನಿಲ್ಲಿಸಿದೆ. ಆಮೇಲಿನ ಮೂರು ವರ್ಷದಲ್ಲಿ 450 ಕಟ್ಟಿ 1,500 ಎತ್ತಿದ್ದೇನೆ. ಹಳೆಯ ಸಾಲ ಸೇರಿಸಿದರೆ ಇನ್ನೂ ಮುನ್ನೂರೈವತ್ತು ಡಾಲರ್ ತೀರಬೇಕು.

2025ರಲ್ಲಿ ಏನೂ ಬರಲಿಲ್ಲ. ಆ ಸಲ ನನ್ನ ನೋಟ್‌ಬುಕ್‌ಗೆ ಇಷ್ಟವಾದವನು ಕ್ಯಾಮ್ ಸ್ಕಾಟೆಬೋ. ಅರಿಜೋನಾ ಸ್ಟೇಟ್‌ನಲ್ಲಿ 1,711 ಯಾರ್ಡ್ ಓಟ, 45 ಕ್ಯಾಚ್, ಜೈಂಟ್ಸ್ 105ನೇ ಪಿಕ್‌ಗೆ ಕೊಂಡಿತು. ಎರಡನೇ ಸುತ್ತಿನಲ್ಲಿ ತಗೊಂಡೆ. ಚೆನ್ನಾಗಿಯೇ ಆಡುತ್ತಿದ್ದ. ಅಕ್ಟೋಬರ್‌ನಲ್ಲಿ ಈಗಲ್ಸ್ ಮೇಲೆ ಆಡುವಾಗ ಹಿಮ್ಮಡಿ ಗಂಟು ತಪ್ಪಿ ವರ್ಷವೇ ಮುಗಿಯಿತು. ಆ ರಾತ್ರಿಯೇ ಒಬ್ಬ ಎರಡನೇ ಸುತ್ತಿನ ಕೊನೆಯ ಪಿಕ್ ಕೊಡ್ತೀನಿ ಅಂತ ಮೆಸೇಜ್ ಹಾಕಿದ. ಮೊದಲ ಸುತ್ತಿನದು ತಂದರೆ ಮಾತಾಡೋಣ ಅಂತ ಉತ್ತರ ಕೊಟ್ಟು ಮಲಗಿದೆ.