ಫೈಲ್ ಏರಿಸುವ ಮೊದಲು ಹೆಸರಿಡಿ: ವರ್ಡ್‌ಪ್ರೆಸ್ ಮೀಡಿಯಾ ಲೈಬ್ರರಿ ಸಂಭಾಳಿಸುವುದು ಹೇಗೆ?

ನಮ್ಮ ಬಡಾವಣೆ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಾಗ ಮೊದಲು ವರ್ಡ್‌ಪ್ರೆಸ್ (ವೆಬ್‌ಸೈಟ್ ನಡೆಸುವ ತಂತ್ರಾಂಶ) ಒಳಗಿನ ಮೀಡಿಯಾ ಲೈಬ್ರರಿ, ಅಂದರೆ ಏರಿಸಿದ ಫೈಲುಗಳೆಲ್ಲ ಇರುವ ಜಾಗ, ತೆರೆದೆ. ‘ಸ್ಕ್ಯಾನ್0001’, ‘ಫೈನಲ್’, ‘ಫೈನಲ್-ಹೊಸದು’, ‘ಫೈನಲ್-1’. ಇದರಲ್ಲಿ ಬೈಲಾ ಯಾವುದು, ಲೆಕ್ಕಪತ್ರ ಯಾವುದು? ಒಂದೊಂದೇ ತೆರೆದು ನೋಡುವುದೇ ದಾರಿ. ನಿಮ್ಮ ಸೈಟೂ ವರ್ಡ್‌ಪ್ರೆಸ್‌ನಲ್ಲಿದ್ದರೆ ಹೆಚ್ಚುಕಡಿಮೆ ಇದೇ ಕಥೆ, ಅಲ್ವಾ?

ಹಾಗಾಗಿ ಮೊದಲ ಹೆಜ್ಜೆ ನಿಮ್ಮ ಕಂಪ್ಯೂಟರ್‌ನಲ್ಲೇ: ಫೈಲಿಗೆ ಸರಿಯಾದ ಹೆಸರು. ವಿಷಯ, ವರ್ಷ, ನಡುವೆ ಸಣ್ಣ ಗೆರೆ, ‘ಲೆಕ್ಕಪತ್ರ-2024-25’ ಅನ್ನುವ ಹಾಗೆ. ಆದರೆ ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಕನ್ನಡದ ಮೇಲೆ ಸಿಟ್ಟಿಲ್ಲ! ಕನ್ನಡದ ಹೆಸರಿರುವ ಫೈಲಿನ ಲಿಂಕನ್ನು ಕಾಪಿ ಮಾಡಿದರೆ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆಯೂ ಪರ್ಸೆಂಟ್ ಗುರುತಿನ 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ‘ವರದಿ’ ಅನ್ನುವ ಪುಟ್ಟ ಪದ 36 ಅಕ್ಷರದ ರೈಲು. ವಾಟ್ಸ್ಆ್ಯಪ್‌ನಲ್ಲಿ ಅದನ್ನು ನೋಡಿದವರು ವೈರಸ್ ಅಂದುಕೊಳ್ಳುತ್ತಾರೆ. ಕನ್ನಡಕ್ಕೆ ಜಾಗ ‘ಟೈಟಲ್’ ಪೆಟ್ಟಿಗೆಯಲ್ಲಿದೆ, ಅಲ್ಲಿ ಧಾರಾಳವಾಗಿ ಬರೆಯಿರಿ. ಒಂದು ನೆನಪಿರಲಿ: ಫೈಲ್ ಏರಿಸಿದ ಮೇಲೆ ಟೈಟಲ್ ಬದಲಿಸಬಹುದು, ಫೈಲಿನ ಹೆಸರು ಮಾತ್ರ ಹಾಗೇ ಉಳಿಯುತ್ತದೆ.

ಹಳೇ ‘ನುಡಿ’, ‘ಬರಹ’ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತವಾದರೆ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಬದಲಿಸಿ ಆಮೇಲೆ ಪಿಡಿಎಫ್ ಮಾಡಿ. ಇಲ್ಲದಿದ್ದರೆ ಓದಲು ಬರುತ್ತದೆ, ಹುಡುಕಿದರೆ ಸಿಗುವುದಿಲ್ಲ.

ಈಗ ಮೀಡಿಯಾ ಮೆನುವಿಗೆ ಹೋಗಿ ಫೈಲ್ ಏರಿಸಿ. ಎಷ್ಟು ಎಂಬಿವರೆಗೆ ಏರಿಸಬಹುದು ಎಂದು ಅಲ್ಲೇ ಕೆಳಗೆ ಬರೆದಿರುತ್ತದೆ. ವರ್ಡ್‌ಪ್ರೆಸ್ ಅದನ್ನು ಸಾಮಾನ್ಯವಾಗಿ ವರ್ಷ, ತಿಂಗಳ ಫೋಲ್ಡರ್‌ನಲ್ಲಿ ಇಡುತ್ತದೆ. ಅದೇ ತಿಂಗಳು ಅದೇ ಹೆಸರಿನ ಫೈಲ್ ಮತ್ತೆ ಏರಿಸಿದರೆ ಹಳೆಯದು ಅಳಿಯುವುದಿಲ್ಲ, ಹೊಸದರ ಬಾಲಕ್ಕೆ ‘-1’ ಸೇರುತ್ತದೆ. ತಪ್ಪು ತಿದ್ದಿದ ಬೈಲಾ ಹಾಕಿದೆವು ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ, ಜನ ಹಳೇ ಲಿಂಕ್ ಒತ್ತಿ ಹಳೇ ಬೈಲಾ ಓದುತ್ತಿರುತ್ತಾರೆ.

ಇದಕ್ಕೆ ‘ಎನೇಬಲ್ ಮೀಡಿಯಾ ರಿಪ್ಲೇಸ್’ ತರಹದ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಜೋಡಿಸುವ ಹೆಚ್ಚುವರಿ ಸಲಕರಣೆ) ಇದೆ. ಲಿಂಕ್ ಬದಲಾಗದೆ ಒಳಗಿನ ಫೈಲ್ ಮಾತ್ರ ಬದಲಾಗುತ್ತದೆ. ನನಗೆ ಅದಕ್ಕಿಂತ ಇಷ್ಟವಾದ ದಾರಿ ಇನ್ನೊಂದು. ‘ಬೈಲಾ’ ಎಂದೇ ಒಂದು ಪುಟ ಮಾಡಿ, ಎಲ್ಲರಿಗೂ ಪುಟದ ಲಿಂಕ್ ಕೊಡಿ. ಒಳಗಿನ ಫೈಲ್ ಎಷ್ಟು ಸಲ ಬೇಕಾದರೂ ಬದಲಾಗಲಿ. ಆ ಪುಟದಲ್ಲೂ ಸುಮ್ನೆ ‘ಇಲ್ಲಿ ಕ್ಲಿಕ್ ಮಾಡಿ’ ಅನ್ನಬೇಡಿ. ‘ಬೈಲಾ, ಪಿಡಿಎಫ್, 2 ಎಂಬಿ’ ಎಂದರೆ ಮೊಬೈಲ್ ಡೇಟಾ ಲೆಕ್ಕ ಹಾಕುವವರಿಗೂ ಅನುಕೂಲ.

ಅಳಿಸುವಾಗ ಜಾಸ್ತಿ ಎಚ್ಚರ ಬೇಕು. ‘ಅನ್‌ಅಟ್ಯಾಚ್ಡ್’ ಎಂದು ಸೋಸಿ ಬಂದ ಫೈಲುಗಳನ್ನೆಲ್ಲ ಬೇಡದ್ದು ಅಂದುಕೊಂಡು ನಾನು ಒಂದೇ ಏಟಿಗೆ ಅಳಿಸಿದ್ದೆ. ಮರುದಿನ ಖಜಾಂಚಿಯವರ ಫೋನ್: ಲೆಕ್ಕಪತ್ರ ತೆರೆಯುತ್ತಿಲ್ಲ. ‘ಅನ್‌ಅಟ್ಯಾಚ್ಡ್’ ಪದದ ಅರ್ಥ ಯಾವ ಪುಟಕ್ಕೂ ಜೋಡಿಸಿಲ್ಲ ಎಂದಷ್ಟೇ. ಲಿಂಕ್ ಅಂಟಿಸಿ ಬಳಸುತ್ತಿದ್ದರೂ ಹಾಗೇ ತೋರಿಸುತ್ತದೆ. ಲೇಖನಗಳಿಗೆ ಕಸದ ಬುಟ್ಟಿ ಇದೆ, ಮೀಡಿಯಾ ಫೈಲಿಗೆ ಮಾಮೂಲಿಯಾಗಿ ಅದೂ ಇಲ್ಲ. ಹೋಯಿತೆಂದರೆ ಹೋಯಿತು. ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಆಮೇಲೆ ಫೈಲಿನ ಹೆಸರನ್ನು ಪುಟಗಳ ಹುಡುಕು ಪೆಟ್ಟಿಗೆಯಲ್ಲಿ ಹಾಕಿ, ಎಲ್ಲಾದರೂ ಬಳಕೆಯಲ್ಲಿದೆಯೇ ನೋಡಿ.

ಸದಸ್ಯರ ಫೋನ್ ನಂಬರ್, ಬ್ಯಾಂಕ್ ಖಾತೆ, ಆಧಾರ್ ಇರುವ ಪಟ್ಟಿ ಇಲ್ಲಿ ಬೇಡವೇ ಬೇಡ. ಪುಟಕ್ಕೆ ಪಾಸ್‌ವರ್ಡ್ ಹಾಕಿದರೂ ಅದರೊಳಗಿನ ಪಿಡಿಎಫ್‌ಗೆ ಆ ಬೀಗ ಇರುವುದಿಲ್ಲ. ಅನುಮಾನವಿದ್ದರೆ ಫೈಲಿನ ಲಿಂಕ್ ಕಾಪಿ ಮಾಡಿ, ಲಾಗಿನ್ ಆಗದ ಇನ್ನೊಂದು ಫೋನ್‌ನಲ್ಲಿ ತೆರೆದು ನೋಡಿ.